ಶುಶ್ರೂಷೆಯೂ ವಿಶ್ರಾಂತಿಯೂ

ಹಾಸಿಗೆ ಹಿಡಿದವರೊಬ್ಬರನ್ನು ಮನೆಯಲ್ಲಿಯೇ ವರ್ಷಾನುಗಟ್ಟಲೆ ನೋಡಿಕೊಳ್ಳುವವರಿಗೆ ದುಡಿಮೆಯ ಹೊತ್ತು ಇಷ್ಟು, ಬಿಡುವಿನ ಹೊತ್ತು ಇಷ್ಟು ಎಂದು ಗೊತ್ತುಮಾಡುವುದು ಸಾಧ್ಯವೆ? ಸಾಧ್ಯವಾದರೂ ಧರ್ಮವೆ? ಈ ಪ್ರಶ್ನೆಯನ್ನು ಎತ್ತಿದ ಕೂಡಲೇ ನಮ್ಮ ಹಿರಿಯರಲ್ಲಿ ಅನೇಕರು ಮುಖ ತಿರುಗಿಸುವರೆಂಬುದನ್ನು ನಾನು ಬಲ್ಲೆನು. ತಾಯಿಗೆ ಮಗಳು, ಅತ್ತೆಗೆ ಸೊಸೆ, ಗಂಡನಿಗೆ ಹೆಂಡತಿ ಮಾಡತಕ್ಕ ಸೇವೆಯಲ್ಲಿ ಗಡಿಯಾರಕ್ಕೇನು ಕೆಲಸವೆಂದು ಅವರು ಕೇಳುತ್ತಾರೆ. ಹಾಗೆ ಕೇಳುವುದು ಅಸಂಗತವೇನೂ ಅಲ್ಲ. ಕೆಲವು ವರ್ಷಗಳ ಹಿಂದಿನವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆನು. ನನ್ನ ಅಭಿಪ್ರಾಯ ಬದಲಾದುದು ಗ್ರಂಥಾವಲೋಕನದಿಂದಲ್ಲ, ಒಂದು ರಾತ್ರಿಯ ಜಾಗರಣೆಯಿಂದ. ಅದನ್ನು ಮುಂದೆ ಹೇಳುತ್ತೇನೆ.

ವಿಶ್ರಾಂತಿಯ ಬೆಲೆಯನ್ನು ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಜನ ಅರಿಯದವರೆಂದು ಯಾರೂ ಹೇಳಲಾರರು. ಸೋಮವಾರ ಬಸವನ ದಿನ. ಆ ದಿನ ಎತ್ತಿನ ಹೆಗಲ ಮೇಲೆ ನೊಗವಿಡಬಾರದೆಂಬ ಕಟ್ಟಳೆಯನ್ನು ಹಿಂದಿನವರು ಎಷ್ಟೋ ಹಳ್ಳಿಗಳಲ್ಲಿ ನಡೆಸಿಕೊಂಡು ಬಂದರು. ಮಳೆ ಬಿದ್ದು ಹದ ಆರಿಹೋಗುತ್ತಿದ್ದರೂ ಸೋಮವಾರ ನೇಗಿಲು ಹೂಡದ ರೈತನನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರ ಮನೆಗಳಲ್ಲಿಯಂತೂ ವಿಶ್ರಾಂತಿಗೆ ಒಂದು ಶಾಸ್ತ್ರವೇ ಉಂಟು. ಹುಳು ಮೊಟ್ಟೆಯಿಂದ ಹೊರಬಂದು ಗೂಡು ಕಟ್ಟುವುದರೊಳಗಾಗಿ ನಾಲ್ಕು ಸಲ ಪೊರೆ ಬಿಡುತ್ತದೆ. ಇದನ್ನು ನಮ್ಮವರು ಜ್ವರವೆನ್ನುತ್ತಾರೆ. ಹುಳು ಜ್ವರಕ್ಕೆ ಕುಳಿತಿತೆಂದರೆ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಅದಕ್ಕೆ ಸೊಪ್ಪು ಹಾಕತಕ್ಕದ್ದಲ್ಲ, ಅದನ್ನು ಅಲುಗಿಸತಕ್ಕದ್ದಲ್ಲ. ಅದು ತಲೆಯೆತ್ತಿ ನಿಶ್ಚಲವಾಗಿರುವಾಗ ಮನೆಯವರೂ ಒಂದಿಷ್ಟು ಮೈ ಚಾಚುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಅದರ ಹಸಿವು ಬಕಾಸುರನ ಹಸಿವು; ಆ ಒಂದು ವಾರ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ಆದರೂ ಹುಳು ಹಣ್ಣಾಗಿ ಚಂದ್ರಿಕೆಗೆ ಏರಿದರೆ ಕೆಲಸ ಮುಗಿಯಿತೆಂಬುದು ಎಲ್ಲರಿಗೂ ಗೊತ್ತು. ಹುಳುವಿನ ಜ್ವರ ಮನೆಗೆ ಬಿಡುವು. ಮನುಷ್ಯನ ಜ್ವರ ಹಾಗಲ್ಲ.

ಕೆರೆಯ ನೀರಿನ ವಿಚಾರದಲ್ಲಿಯೂ ಇಂಥದೇ ಒಂದು ವಿವೇಕವಿತ್ತು. ಜೀವನದಿಯಿಲ್ಲದ ಈ ಸೀಮೆಯನ್ನು ಸಾಕಿದವು ಕೆರೆಗಳು. ನೀರುಗಂಟಿಯು ತೂಬೆತ್ತಿ ಗದ್ದೆಯಿಂದ ಗದ್ದೆಗೆ ಸರದಿಯಂತೆ ನೀರು ಹಾಯಿಸುತ್ತಿದ್ದನು. ರಾತ್ರಿಯ ಸರದಿ ಸದಾ ಒಬ್ಬನ ಪಾಲಿಗೇ ಬಂದಿದ್ದರೆ ಊರಿನಲ್ಲಿ ದೊಡ್ಡ ವ್ಯಾಜ್ಯವಾಗುತ್ತಿತ್ತು. ಎತ್ತಿಗೆ ಸೋಮವಾರ, ಹುಳುವಿಗೆ ಜ್ವರ, ನೀರಿಗೆ ಸರದಿ ಎಂದು ಇಷ್ಟೆಲ್ಲ ಕಂಡುಕೊಂಡ ಜನ, ಒಳಮನೆಯ ಹಾಸಿಗೆಯ ಬಳಿಗೆ ಬಂದೊಡನೆ ಲೆಕ್ಕವನ್ನೆಲ್ಲ ಮರೆತುಬಿಡುವುದು ಹೇಗೆ?

ನಮ್ಮ ತಾಯಿಯವರಿಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋದಾಗ ಅವರಿಗೆ ಎಪ್ಪತ್ತೊಂದು ವರ್ಷ. ಹದಿನಾರು ದಿನ ಆಸ್ಪತ್ರೆಯಲ್ಲಿದ್ದರು. ಅಲ್ಲಿ ದಾದಿಯರಿಗೆ ಮೂರು ಪಾಳಿ. ಬೆಳಗಿನ ಪಾಳಿಯವರು ಮಧ್ಯಾಹ್ನದವರಿಗೂ, ಮಧ್ಯಾಹ್ನದವರು ರಾತ್ರಿಯವರಿಗೂ ರೋಗಿಯ ಸ್ಥಿತಿಯನ್ನು ತಿಳಿಸಿ, ಕಾಗದಗಳನ್ನು ಒಪ್ಪಿಸಿ, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಟುಹೋಗುತ್ತಿದ್ದರು. ಹದಿನೇಳನೆಯ ದಿನ ವೈದ್ಯರು, "ಇನ್ನು ಮನೆಯಲ್ಲಿಯೇ ಚೆನ್ನಾಗಿ ನೋಡಿಕೊಳ್ಳಿ" ಎಂದರು. ಒಳ್ಳೆಯ ಮಾತೇ. ಆದರೆ ತಾಯಿಯವರನ್ನು ಗಾಡಿಯಿಂದ ಎತ್ತಿ ತಂದು ನಡುಮನೆಯಲ್ಲಿ ಮಲಗಿಸಿದ ಆ ಘಳಿಗೆಯಲ್ಲಿ, ಮೂರು ಪಾಳಿಯ ಕೆಲಸ ಒಬ್ಬರ ಕೆಲಸವಾಯಿತೆಂಬುದನ್ನು ನಮ್ಮಲ್ಲಿ ಯಾರೂ ಗಮನಿಸಲಿಲ್ಲ. ಆ ಒಬ್ಬರು ನಮ್ಮ ಅತ್ತಿಗೆಯವರು.

ನಾನು ಎರಡು ಬೀದಿ ಆಚೆಯ ಮನೆಯಲ್ಲಿದ್ದೆನು. ದಿನವೂ ಸಂಜೆ ಹೋಗಿ ತಾಯಿಯವರ ಪಕ್ಕದಲ್ಲಿ ಕಾಲುಗಂಟೆ ಕುಳಿತು, ಅವರ ಕೈ ಸವರಿ, ಕಾಫಿ ಕುಡಿದು ಬರುತ್ತಿದ್ದೆನು. ನೆಂಟರಿಷ್ಟರು ಬಂದರೆ, "ನಮ್ಮ ಅತ್ತಿಗೆ ಇರುವುದರಿಂದ ಅಮ್ಮ ಬದುಕಿದ್ದಾರೆ" ಎನ್ನುತ್ತಿದ್ದೆನು. ಹೇಳುವಾಗ ಕಂಠ ಗದ್ಗದವಾಗುತ್ತಿದ್ದುದೂ ಉಂಟು. ಆ ಮಾತು ಸುಳ್ಳಲ್ಲ. ಆದರೆ ಹಾಗೆ ಹೊಗಳುವುದರಿಂದ ನನಗೊಂದು ಲಾಭವಿತ್ತೆಂಬುದು ಆಗ ತಿಳಿಯಲಿಲ್ಲ. ಹೊಗಳಿದ ಮೇಲೆ ಎದ್ದು ಮನೆಗೆ ಹೋಗಿ ಮಲಗಬಹುದಾಗಿತ್ತು.

ಮೂರನೆಯ ವರ್ಷದ ಮಳೆಗಾಲದಲ್ಲಿ ಅತ್ತಿಗೆಯವರಿಗೆ ವಿಷಮಜ್ವರ ಬಂದಿತು. ಅಣ್ಣನವರು ವ್ಯಾಪಾರದ ನಿಮಿತ್ತ ಪರಸ್ಥಳದಲ್ಲಿದ್ದರು. ಆ ರಾತ್ರಿ ತಾಯಿಯವರ ಬಳಿ ನಾನು ಕುಳಿತೆನು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ನಡುವೆ ನೀರು ಕೇಳುತ್ತಾರೆ; ಕುಡಿಸುವಾಗ ತಲೆ ಎತ್ತಿ ಹಿಡಿಯದಿದ್ದರೆ ನೆತ್ತಿಗೇರುತ್ತದೆ. ಬಟ್ಟೆ ಒದ್ದೆಯಾಗುತ್ತದೆ. ನಮ್ಮ ಸೀಮೆಯ ಎಷ್ಟೋ ಮನೆಗಳಂತೆ ನಮ್ಮದೂ ಅರ್ಧ ತೆಲುಗಿನ ಮನೆ. ಕಾಯಿಲೆಯ ನಂತರ ತಾಯಿಯವರಿಗೆ ರಾತ್ರಿಯ ಹೊತ್ತು ಬಾಲ್ಯದ ತೆಲುಗೇ ಹೆಚ್ಚಾಗಿ ಬರುತ್ತಿತ್ತು. ಮಾತು ತೊದಲು ಬೇರೆ. ಅವರು ಕೇಳಿದ್ದು ನೀರೋ, ಕಂಬಳಿಯೋ, ಎಂದೋ ಸತ್ತುಹೋದ ತಮ್ಮ ಅಕ್ಕನನ್ನೋ ಎಂಬುದು ನನಗೆ ತಿಳಿಯದು. ನಾನು ಮಾಡಿದ ಕೆಲಸಗಳನ್ನು ಒಂದು ಹಳೆಯ ಲಗ್ನಪತ್ರಿಕೆಯ ಹಿಂಭಾಗದಲ್ಲಿ ಬರೆದಿಟ್ಟುಕೊಂಡೆನು. ಬೆಳಗ್ಗೆ ಕೂಡಿಸಿ ನೋಡಿದರೆ ಕೈಯ ಕೆಲಸವೆಲ್ಲ ಸೇರಿ ಐವತ್ತು ನಿಮಿಷವಾಗಿತ್ತು. ಐವತ್ತು ನಿಮಿಷದ ಕೆಲಸಕ್ಕೆ ನನ್ನ ಮೈ ಹೊಡೆಸಿಕೊಂಡಂತಾಗಿದ್ದುದೇಕೆ?

ಉತ್ತರವನ್ನು ಅತ್ತಿಗೆಯವರೇ ಕೊಟ್ಟಿದ್ದರು. ನಡುರಾತ್ರಿ ತಾಯಿಯವರು ಒಮ್ಮೆ ಕೆಮ್ಮಿದರು. ಪಕ್ಕದಲ್ಲಿಯೇ ಕುಳಿತಿದ್ದ ನಾನು ಏಳುವುದರೊಳಗಾಗಿ, ಜ್ವರದಲ್ಲಿ ನಡುಗುತ್ತ ಅತ್ತಿಗೆಯವರು ಬಾಗಿಲಿನಲ್ಲಿ ಬಂದು ನಿಂತಿದ್ದರು. "ಅತ್ತಿಗೆ, ನೀವು ಹೋಗಿ ಮಲಗಿ, ನಾನಿದ್ದೇನಲ್ಲ" ಎಂದೆನು. "ಏನು ಮಾಡಲಪ್ಪ, ಕಿವಿ ಮಲಗುವುದಿಲ್ಲ" ಎಂದರು.

ಶುಶ್ರೂಷೆಯೆಂಬ ಸಂಸ್ಕೃತ ಶಬ್ದವನ್ನು ನಾವು ದಿನವೂ ಆಡುತ್ತೇವೆ. ಕೇಳಬೇಕೆಂಬ ಇಚ್ಛೆ ಎಂಬುದು ಅದರ ಮೂಲಾರ್ಥ. ಗುರುವಿನ ಮಾತನ್ನು ಕೇಳಲು ಸಿದ್ಧನಾಗಿ ನಿಂತ ಶಿಷ್ಯನ ಸ್ಥಿತಿಯಿಂದ ಹೊರಟು ಆ ಶಬ್ದ ರೋಗಿಯ ಸೇವೆಯವರೆಗೆ ಬಂದಿದೆ. ಅದನ್ನು ಕಟ್ಟಿದವರು ಯಾರೋ, ಅವರು ಎಂದಾದರೂ ರೋಗಿಯ ಪಕ್ಕದಲ್ಲಿ ರಾತ್ರಿ ಕಳೆದವರೇ ಇರಬೇಕು ಎಂದು ನನಗೆ ತೋರುತ್ತದೆ. ಶುಶ್ರೂಷೆ ಕೈಯ ಕೆಲಸವಾಗುವುದಕ್ಕೆ ಮೊದಲು ಕಿವಿಯ ಕೆಲಸ. ಕೈ ಆಗಾಗ ಬಿಡುವು ಪಡೆಯುತ್ತದೆ. ಕರೆ ಬಂದೀತೆಂದು ಕಾದಿರುವ ಕಿವಿಗೆ, ಕರೆ ಬಾರದಿದ್ದರೂ ಬಿಡುವಿಲ್ಲ.

ನಮ್ಮ ಲೆಕ್ಕಗಳು ತಪ್ಪುವುದು ಇಲ್ಲಿಯೇ. ಭಾರತ ಸರ್ಕಾರದ ಸಂಖ್ಯಾಶಾಸ್ತ್ರದ ಕಚೇರಿಯವರು ೨೦೧೯ರಲ್ಲಿ ದೇಶದ ಜನ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದನ್ನು ಕುರಿತು ಸಮೀಕ್ಷೆ ನಡೆಸಿದರು. ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಅರ್ಧ ಅರ್ಧ ಗಂಟೆಯ ತುಂಡುಗಳಾಗಿ ಮಾಡಿ, ಆಯಾ ತುಂಡಿನಲ್ಲಿ ಏನು ಮಾಡಿದಿರೆಂದು ಕೇಳಿದರು. ಮನೆಮಂದಿಯನ್ನು ಸಂಬಳವಿಲ್ಲದೆ ನೋಡಿಕೊಳ್ಳುವ ಕೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ ೧೩೪ ನಿಮಿಷಗಳನ್ನೂ, ಗಂಡಸರು ೭೬ ನಿಮಿಷಗಳನ್ನೂ ಅದರಲ್ಲಿ ಕಳೆಯುತ್ತಾರೆಂದು ಕಂಡುಬಂದಿತು. ಮಕ್ಕಳನ್ನು ನೋಡಿಕೊಳ್ಳುವುದೂ ಇದರಲ್ಲಿ ಸೇರಿದೆ. ಇಂಥ ಕೆಲಸವನ್ನು ಒಂದು ದೇಶ ಎಣಿಸಲು ಹೊರಟಿತೆಂಬುದೇ ದೊಡ್ಡದು, ನಾನು ಹೀಗಳೆಯಲಾರೆ. ಆದರೆ ಅತ್ತಿಗೆಯವರನ್ನು ಕೇಳಿದ್ದರೆ ಅವರು ಏನು ಹೇಳುತ್ತಿದ್ದರು? ರಾತ್ರಿ ಹತ್ತರಿಂದ ಐದರವರೆಗೆ ನಿದ್ರೆ ಎಂದೇ ಹೇಳುತ್ತಿದ್ದರು. ಬರೆದುಕೊಂಡವರೂ ನಿದ್ರೆ ಎಂದೇ ಬರೆದುಕೊಳ್ಳುತ್ತಿದ್ದರು.

ಶಾಸನಗಳ ಕಡೆಗೆ ನೋಡೋಣ. ಕೆಲಸದ ಹೊತ್ತು ದಿನಕ್ಕೆ ಎಂಟು ಗಂಟೆ, ವಾರಕ್ಕೆ ೪೮ ಗಂಟೆ ಎಂಬ ನಿಯಮವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೧೯ರ ತನ್ನ ಮೊದಲನೆಯ ಒಡಂಬಡಿಕೆಯಲ್ಲಿಯೇ ಸಾರಿತು. ನಮ್ಮ ದೇಶದ ೧೯೪೮ರ ಕಾರ್ಖಾನೆಗಳ ಅಧಿನಿಯಮವು ವಾರಕ್ಕೆ ೪೮ ಗಂಟೆಗಳ ಮಿತಿಯನ್ನೂ, ಐದು ಗಂಟೆ ದುಡಿದವನಿಗೆ ಅರ್ಧ ಗಂಟೆಯ ಬಿಡುವನ್ನೂ, ವಾರಕ್ಕೊಂದು ರಜೆಯನ್ನೂ ವಿಧಿಸಿತು. ೨೦೨೫ರ ನವೆಂಬರ್ ೨೧ರಿಂದ ಅದರ ಸ್ಥಾನದಲ್ಲಿ ಹೊಸ ಸಂಹಿತೆ ಬಂದಿದೆ. ವಾರದ ರಜೆ ಅದರಲ್ಲಿಯೂ ಉಳಿದಿದೆ. ಕಾರ್ಖಾನೆಯಲ್ಲಿ ಇದು ಹೇಗೆ ಸಾಧ್ಯವಾಯಿತು? ಯಂತ್ರವನ್ನು ನಿಲ್ಲಿಸಬಹುದು, ಅಥವಾ ಮತ್ತೊಬ್ಬನ ಕೈಗೆ ಒಪ್ಪಿಸಬಹುದು. ನಮ್ಮ ತಾಯಿಯವರನ್ನು ಭಾನುವಾರ ನಿಲ್ಲಿಸುವುದಕ್ಕಾಗುತ್ತಿರಲಿಲ್ಲ. ಆದುದರಿಂದ ಮನೆಯ ಶುಶ್ರೂಷೆಯಲ್ಲಿ ವಿಶ್ರಾಂತಿ ಎಂಬುದಕ್ಕೆ ಒಂದೇ ಒಂದು ಅರ್ಥವಿದೆ: ಅದು ಇನ್ನೊಬ್ಬರ ಸರದಿ. ಇನ್ನೊಬ್ಬರು ಬಂದು ಕುಳಿತುಕೊಳ್ಳದೆ, "ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ" ಎಂದು ಉಪಚಾರ ಹೇಳುವುದು, ಹಸಿದವರಿಗೆ ಊಟದ ಹೊತ್ತಾಯಿತೆಂದು ಹೇಳಿದಂತೆ. ಇಂಥ ಉಪಚಾರಗಳನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ವೃದ್ಧರ ಪೋಷಣೆಯನ್ನು ಕುರಿತು ೨೦೦೭ರಲ್ಲಿ ಒಂದು ಅಧಿನಿಯಮವಾಯಿತು. ತಂದೆತಾಯಿಗಳನ್ನು ಪೋಷಿಸುವ ಭಾರವನ್ನು ಅದು ಮಕ್ಕಳ ಮೇಲೆ ಹೊರಿಸಿತು; ಮಕ್ಕಳೆಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದು ವಿವರಿಸಿತು. ಆ ಪಟ್ಟಿಯಲ್ಲಿ ಸೊಸೆ ಇಲ್ಲ. ಕರ್ತವ್ಯ ಮಗನ ಹೆಸರಿನಲ್ಲಿದೆ, ಕೆಲಸ ಸೊಸೆಯ ಕೈಯಲ್ಲಿದೆ. ಅಂಗವಿಕಲರ ಹಕ್ಕುಗಳನ್ನು ಕುರಿತ ೨೦೧೬ರ ಅಧಿನಿಯಮವು ಇದಕ್ಕಿಂತ ಕಣ್ತೆರೆದು ನೋಡಿದೆ. ಸಂಬಳ ಪಡೆದೋ ಪಡೆಯದೆಯೋ ಅಂಗವಿಕಲರನ್ನು ನೋಡಿಕೊಳ್ಳುವ ಯಾರನ್ನೇ ಆಗಲಿ, ತಂದೆತಾಯಿಗಳನ್ನೂ ಮನೆಮಂದಿಯನ್ನೂ ಸೇರಿಸಿ, ಅದು ಆರೈಕೆದಾರರೆಂದು ಕರೆಯಿತು. ಹೆಸರಿಟ್ಟು ಕರೆದದ್ದು ಒಂದು ಮೆಟ್ಟಿಲು. ಸರದಿಯನ್ನು ಯಾರು ವಹಿಸಿಕೊಳ್ಳಬೇಕೆಂಬ ಮಾತು ಅಲ್ಲಿಯೂ ಇಲ್ಲ. ಜರ್ಮನಿಯಲ್ಲಿ ೧೯೯೫ರಿಂದ ನಡೆಯುತ್ತಿರುವ ಆರೈಕೆಯ ವಿಮೆಯಲ್ಲಿ, ಮನೆಯಲ್ಲಿ ನೋಡಿಕೊಳ್ಳುವವರು ಬಿಡುವಿಗೆ ಹೊರಟಾಗ ಅವರ ಬದಲಿಗೆ ಬರುವವರ ಖರ್ಚನ್ನು ಕೊಡುವ ಏರ್ಪಾಡು ಉಂಟು. ಬಿಡುವೆಂದರೆ ಬದಲಿಯವರು ಎಂಬುದನ್ನು ಅವರು ಕಂಡುಕೊಂಡರು.

ಇಲ್ಲಿ ಒಂದು ಬಲವಾದ ಆಕ್ಷೇಪಣೆ ಬರುತ್ತದೆ. ಸೇವೆಯ ಜೀವ ಪ್ರೇಮದಲ್ಲಿದೆ. ಲೆಕ್ಕ ಹೊಕ್ಕ ಕಡೆಯಲ್ಲಿ ಪ್ರೇಮ ಹೊರಡುತ್ತದೆ. ನೀವು ಮನೆಯನ್ನು ಕಾರ್ಖಾನೆ ಮಾಡಹೊರಟಿದ್ದೀರಿ ಎಂದು. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಅತ್ತಿಗೆಯವರು ತಾವಾಗಿಯೇ ಒಂದು ಪುಸ್ತಕವಿಟ್ಟು, ಇಂದು ಇಷ್ಟು ಸಲ ಎದ್ದೆನೆಂದು ಬರೆದಿಟ್ಟಿದ್ದರೆ ನನಗೆ ವ್ಯಥೆಯಾಗುತ್ತಿತ್ತು. ಅವರು ಬರೆದಿಡಲಿಲ್ಲ. ಮಾಡುವವರು ಲೆಕ್ಕವಿಡಬಾರದೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಮಾಡುವವರು ಲೆಕ್ಕವಿಡದ ಕಾರಣದಿಂದಲೇ ಮನೆಯ ಉಳಿದವರು ಲೆಕ್ಕವಿಡಬೇಕಾಗುತ್ತದೆ. ಬಡಿಸುವವರು ತಮಗೆಷ್ಟು ಉಳಿಯಿತೆಂದು ನೋಡುವುದಿಲ್ಲ. ಉಣ್ಣುವವರು ಪಾತ್ರೆಯ ತಳವನ್ನು ನೋಡಬೇಕು. ನಾವು ಮಾಡುತ್ತ ಬಂದಿರುವುದು ಇದಕ್ಕೆ ವಿಪರೀತ. ಅವರು ಎಣಿಸುವುದಿಲ್ಲ, ಆದಕಾರಣ ಎಣಿಸತಕ್ಕದ್ದೇನೂ ಇಲ್ಲ ಎಂದು ನಾವು ನಿಶ್ಚಯಿಸಿಕೊಂಡಿದ್ದೇವೆ. ಹೀಗೆ ಅವರ ಪ್ರೇಮವೇ ನಮ್ಮ ಆಲಸ್ಯಕ್ಕೆ ಆಧಾರವಾಗಿದೆ.

ಇನ್ನು ಪ್ರೇಮವಾದರೂ ನಿದ್ರೆಯಿಲ್ಲದೆ ಎಷ್ಟು ದಿನ ನಿಂತೀತು? ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಲ್ಲಿ ಇರತಕ್ಕ ಗುಣಗಳು ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂದು ನಾಲ್ಕು. ಮೂರನ್ನು ಅಭ್ಯಾಸದಿಂದ ಕಲಿಯಬಹುದು. ಅನುರಾಗ ಹಾಗಲ್ಲ, ಅದು ಎಣ್ಣೆಯಿರುವವರೆಗೆ ಉರಿಯುವ ವಸ್ತು. ಅತ್ತಿಗೆಯವರಿಗೆ ಜ್ವರ ಬರುವುದಕ್ಕೆ ಕೆಲವು ತಿಂಗಳು ಮುಂಚೆ, ಒಂದು ಸಂಜೆ ನಾನು ಹೇಳದೆಯೇ ಒಳಗೆ ಹೋದೆನು. ತಾಯಿಯವರು ಗಂಜಿಯನ್ನು ಉಗುಳಿದ್ದರು. ಅತ್ತಿಗೆಯವರು ಅವರ ಬಿದ್ದುಹೋದ ಕೈಯನ್ನು ಒರಟಾಗಿ ಎಳೆದು, ಕೇಳಬಾರದ ಒಂದು ಮಾತನ್ನು ಆಡಿದರು. ನನ್ನನ್ನು ಕಂಡು ಅವರ ಮುಖ ಕಪ್ಪಿಟ್ಟಿತು. ನನಗೆ ಸಿಟ್ಟು ಬಂದಿತು. ಹೊಗಳಿಕೆಯನ್ನು ವಾಪಸು ತೆಗೆದುಕೊಳ್ಳಬೇಕೆಂಬಷ್ಟು ಬಂದಿತು. ಅಂದು ರಾತ್ರಿ ಮನೆಗೆ ಬಂದು ಹೆಂಡತಿಯೊಡನೆ ಅತ್ತಿಗೆಯವರ ವಿಷಯವಾಗಿ ಏನು ಹೇಳಿದೆನೆಂಬುದನ್ನು ಇಲ್ಲಿ ಬರೆಯಲಾರೆ. ಹೇಳಿದವನು ಹಿಂದಿನ ರಾತ್ರಿ ಏಳು ಗಂಟೆ ನಿದ್ರೆ ಮಾಡಿದ್ದನು. ಹೇಳಿಸಿಕೊಂಡವರು ಎರಡೂವರೆ ವರ್ಷಗಳಿಂದ ಒಂದು ರಾತ್ರಿಯೂ ಪೂರ್ತಿ ಮಲಗಿರಲಿಲ್ಲ. ಆ ಎಳೆತದ ನೋವನ್ನು ಉಂಡವರು ತಾಯಿಯವರು. ಪರಿಚಾರಕರ ವಿಶ್ರಾಂತಿ ಪರಿಚಾರಕರಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯುವವರು ಇದನ್ನು ಯೋಚಿಸಬೇಕು.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ನಮ್ಮ ವಾಚಕರು ಬಲ್ಲರು. ೧೯೩೮ರ ಏಪ್ರಿಲ್ ೨೫ರ ಗುಂಡೇಟಿನಿಂದ ಅದು ದೇಶಕ್ಕೆಲ್ಲ ಪರಿಚಿತವಾಯಿತು. ಅದಕ್ಕೆ ಎಷ್ಟೋ ಮೊದಲಿನಿಂದ, ವಿದುರನು ನೆಟ್ಟ ಅಶ್ವತ್ಥವೃಕ್ಷದ ಸ್ಥಳವೆಂದು ಜನ ಅದನ್ನು ಪೂಜಿಸುತ್ತ ಬಂದಿದ್ದಾರೆ. ಮಹಾಭಾರತದ ಉದ್ಯೋಗಪರ್ವದಲ್ಲಿ ಪ್ರಜಾಗರವೆಂಬ ಒಂದು ಭಾಗವುಂಟು. ಸಂಜಯನು ಮರುದಿನ ಏನು ವಾರ್ತೆ ಹೇಳುವನೋ ಎಂಬ ಕಳವಳದಿಂದ ಕುರುಡ ಧೃತರಾಷ್ಟ್ರನಿಗೆ ನಿದ್ರೆ ಬಾರದು. ಅವನು ವಿದುರನನ್ನು ಕರೆಯಿಸುತ್ತಾನೆ. ನಿದ್ರೆ ಬಾರದವರು ಯಾರು ಯಾರೆಂದು ವಿದುರನು ಆರಂಭದಲ್ಲಿಯೇ ಹೇಳುತ್ತಾನೆ: ಬಲಿಷ್ಠನ ಕೈಗೆ ಸಿಕ್ಕ ದುರ್ಬಲನು, ಸಾಧನವಿಲ್ಲದವನು, ಧನವನ್ನು ಕಳೆದುಕೊಂಡವನು, ಕಾಮಾತುರನು, ಕಳ್ಳನು. ವಿದುರನೀತಿಯನ್ನು ಎಷ್ಟೋ ಸಲ ಓದಿದ್ದ ನನಗೆ, ಆ ಜಾಗರಣೆಯ ತರುವಾಯ ಓದಿದಾಗ, ಈ ಪಟ್ಟಿಯಲ್ಲಿ ಒಬ್ಬರು ಬಿಟ್ಟುಹೋಗಿರುವುದು ಕಾಣಿಸಿತು. ನಿದ್ರೆಯಿಲ್ಲದವನ ಪಕ್ಕದಲ್ಲಿ ಅವನಿಗಾಗಿ ಎಚ್ಚರವಾಗಿ ಕುಳಿತವನು ಅದರಲ್ಲಿಲ್ಲ. ಆ ರಾತ್ರಿ ಹಾಗೆ ಕುಳಿತಿದ್ದವನು ವಿದುರನೇ. ಅವನು ತನ್ನನ್ನು ಎಣಿಸಿಕೊಳ್ಳಲಿಲ್ಲ, ಅದು ಅವನ ಘನತೆ. ಧೃತರಾಷ್ಟ್ರನೂ ಎಣಿಸಲಿಲ್ಲ. ರಾತ್ರಿಯೆಲ್ಲ ಕೇಳುತ್ತಲೇ ಹೋದನು. ನಿನಗೂ ನಿದ್ರೆ ಬರುತ್ತಿರಬಹುದೆಂಬ ಒಂದು ಮಾತನ್ನು ಅವನ ಬಾಯಲ್ಲಿ ನಾನು ಕಾಣೆನು.

ಸಂಬಳಕ್ಕೆ ಈ ಕೆಲಸ ಮಾಡುವವರ ಸ್ಥಿತಿಯನ್ನೂ ಇಲ್ಲಿಯೇ ಹೇಳಬೇಕು. ನಮ್ಮ ತಾಲ್ಲೂಕುಗಳಿಂದ ರೈಲು ಹಿಡಿದು, ಬಸ್ಸು ಹಿಡಿದು ಬೆಂಗಳೂರಿನ ಮನೆಗಳಿಗೆ ರೋಗಿಗಳನ್ನು ನೋಡಿಕೊಳ್ಳಲು ಹೋಗುವ ಹೆಂಗಸರಿದ್ದಾರೆ. ಹಗಲು ರಾತ್ರಿ ಅಲ್ಲಿಯೇ ಇರತಕ್ಕದ್ದೆಂಬ ಕರಾರು. ರೋಗಿಯ ಮಂಚದ ಪಕ್ಕದಲ್ಲಿ ನೆಲದ ಮೇಲೆ ಚಾಪೆ. "ರಾತ್ರಿಯೆಲ್ಲ ಮಲಗಿರುತ್ತಾಳೆ, ಕೆಲಸವೆಲ್ಲಿ ಬಂತು?" ಎಂದು ಯಜಮಾನಿಯು ಹೇಳುವುದ್ದು ನ್ಯಾಯವಾಗಿಯೇ ಕೇಳಿಸುತ್ತದೆ. ಹಾಗಾದರೆ ಆಕೆ ಆ ರಾತ್ರಿ ತನ್ನ ಊರಿಗೆ ಹೋಗಿ ಮಲಗಬಹುದೆ ಎಂದು ಕೇಳಿದರೆ ಉತ್ತರ ತಾನಾಗಿಯೇ ಹೊರಡುತ್ತದೆ. ಕರ್ನಾಟಕ ಸರ್ಕಾರವು ೨೦೦೪ರಲ್ಲಿ ಮನೆಗೆಲಸದವರಿಗೆ ಕನಿಷ್ಠ ಕೂಲಿಯನ್ನು ಗೊತ್ತುಮಾಡಿತು. ಮನೆಗೆಲಸದವರನ್ನು ಕುರಿತ ೨೦೧೧ರ ಅಂತರರಾಷ್ಟ್ರೀಯ ಒಡಂಬಡಿಕೆಯು, ವಾರಕ್ಕೊಮ್ಮೆ ಎಡೆಬಿಡದ ಇಪ್ಪತ್ತನಾಲ್ಕು ಗಂಟೆಗಳ ವಿಶ್ರಾಂತಿಯನ್ನು ಹೇಳುವುದಲ್ಲದೆ, ತನ್ನ ಹೊತ್ತನ್ನು ತನ್ನ ಇಚ್ಛೆಯಂತೆ ಕಳೆಯಲಾಗದೆ ಮನೆಯವರ ಕರೆಗಾಗಿ ಕಾದಿರುವ ಹೊತ್ತೂ, ಆಯಾ ದೇಶದ ಕಾನೂನು ಗೊತ್ತುಮಾಡಿದ ಮಟ್ಟಿಗೆ, ಕೆಲಸದ ಹೊತ್ತೇ ಎಂದು ಹೇಳಿದೆ. ಭಾರತವು ಅದನ್ನು ಸ್ಥಿರೀಕರಿಸಿಲ್ಲ. ಕಾದಿರುವುದೂ ಕೆಲಸವೆಂಬ ಈ ತತ್ತ್ವ ಜಿನೀವಾದಿಂದ ಬರಬೇಕಾಗಿರಲಿಲ್ಲ. ನಮ್ಮ ಕಾವಲುಗಾರರಿಗೆ ನಾವು ಸಂಬಳ ಕೊಡುವುದು ಕಳ್ಳ ಬಂದ ದಿನ ಮಾತ್ರವೇ?

ವಿಶ್ರಾಂತಿಗೆ ಇನ್ನೊಂದು ನಿಬಂಧನೆಯಿದೆ. ಅದನ್ನು ನಾನು ಕಲಿತದ್ದು ಅನಂತರ. ನನ್ನ ಜಾಗರಣೆಯ ತರುವಾಯ ವಾರಕ್ಕೆರಡು ರಾತ್ರಿ ನಾನು ಕುಳಿತುಕೊಳ್ಳುವುದೆಂದು ಏರ್ಪಾಡಾಯಿತು. ಅತ್ತಿಗೆಯವರು ಪಕ್ಕದ ಕೋಣೆಯಲ್ಲಿ ಮಲಗುವರು. ಆದರೆ ಪ್ರತಿ ಕೆಮ್ಮಿಗೂ ಏಳುವರು. ಒಂದು ತಿಂಗಳು ಹೀಗಾಯಿತು. ಒಂದೇ ಸೂರಿನಡಿಯಲ್ಲಿ ಅವರ ಕಿವಿಗೆ ಬಿಡುಗಡೆಯಿಲ್ಲವೆಂಬುದು ಸ್ಪಷ್ಟವಾಯಿತು. ಹಿಂದಿನವರಿಗೆ ಇದು ಗೊತ್ತಿತ್ತೆಂದು ಕಾಣುತ್ತದೆ. ಹೆಣ್ಣುಮಕ್ಕಳಿಗೆ ತವರೆಂಬುದೊಂದನ್ನು ಅವರು ಇಟ್ಟಿದ್ದರು. ಆಷಾಢದಲ್ಲಿ, ಗೌರಿಹಬ್ಬದಲ್ಲಿ, ಬಾಣಂತನದಲ್ಲಿ ಹೆಣ್ಣುಮಗಳು ಗಂಡನ ಮನೆಯ ಹೊಸ್ತಿಲನ್ನು ದಾಟಿ ಹೋಗುತ್ತಿದ್ದಳು. ಅಲ್ಲಿ ಅವಳನ್ನು ಯಾರೂ ಬೆಳಗಿನ ಜಾವ ಎಬ್ಬಿಸುತ್ತಿರಲಿಲ್ಲ. ಅದು ಹಬ್ಬವೆಂಬ ಹೆಸರಿನಲ್ಲಿ ಕೊಟ್ಟ ರಜೆ. ಆದರೆ ತವರೆಂಬುದು ತಾಯಿ ಇರುವ ತನಕ. ಐವತ್ತು ದಾಟಿದ ಸೊಸೆ ಎಂಬತ್ತರ ಅತ್ತೆಯನ್ನು ನೋಡಿಕೊಳ್ಳುವ ಕಾಲಕ್ಕೆ ಅವಳ ತವರಿನ ಬಾಗಿಲು ಹೆಚ್ಚಾಗಿ ಮುಚ್ಚಿರುತ್ತದೆ. ಆಯುಸ್ಸು ಬೆಳೆದಿರುವ ಈ ಕಾಲದಲ್ಲಿ ರಜೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ವಯಸ್ಸಿನಲ್ಲಿಯೇ ರಜೆಯ ಊರು ಇಲ್ಲವಾಗುತ್ತದೆ.

ಅತ್ತಿಗೆಯವರ ತಮ್ಮನೊಬ್ಬನು ಚಿಂತಾಮಣಿಯ ಕಡೆಯ ಒಂದು ಹಳ್ಳಿಯಲ್ಲಿದ್ದನು. ಅಲ್ಲಿಗೆ ಎಂಟು ದಿನದ ಮಟ್ಟಿಗೆ ಹೋಗಿ ಬನ್ನಿರೆಂದಾಗ ಅವರು ಒಪ್ಪಲಿಲ್ಲ. "ಅತ್ತೆಗೆ ನಾನಿಲ್ಲದೆ ಆಗುವುದಿಲ್ಲ" ಎಂದರು. ಅದೂ ನಿಜವೇ ಆಗಿತ್ತು. ಯಾವ ಹೊತ್ತಿಗೆ ಯಾವ ಮಾತ್ರೆ, ಯಾವ ಕೂಗಿಗೆ ಏನರ್ಥ ಎಂಬುದೆಲ್ಲ ಅವರ ತಲೆಯಲ್ಲಿ ಮಾತ್ರ ಇತ್ತು. ಫ್ಲಾರೆನ್ಸ್ ನೈಟಿಂಗೇಲ್ ೧೮೫೯ರಲ್ಲಿ ರೋಗಿಗಳ ಶುಶ್ರೂಷೆಯನ್ನು ಕುರಿತು ಬರೆದ ಗ್ರಂಥದಲ್ಲಿ ಈ ವಿಷಯಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟಳು. ತಾನು ಎದುರಿಗಿರುವಾಗ ನಡೆಯುವುದೆಲ್ಲ ತಾನಿಲ್ಲದಾಗಲೂ ನಡೆಯುವಂತೆ ಏರ್ಪಡಿಸುವುದೇ ಪರಿಚಾರಕಿಯ ಮುಖ್ಯವಾದ ಚಾತುರ್ಯವೆಂಬುದು ಅವಳ ಮತ. ತಾನಿಲ್ಲದೆ ಆಗದೆಂಬುದನ್ನು ನಮ್ಮಲ್ಲಿ ಭಕ್ತಿಯ ಲಕ್ಷಣವೆಂದು ಎಣಿಸುತ್ತಾರೆ. ಅವಳು ಅದನ್ನು ಏರ್ಪಾಡಿನ ದೋಷವೆಂದಳು. ನನಗೆ ಈಗ ಅವಳ ಮಾತೇ ಸರಿಯೆಂದು ತೋರುತ್ತದೆ. ಅತ್ತಿಗೆಯವರು ಹೇಳುತ್ತ ಹೋದುದನ್ನು ನನ್ನ ಮಗಳು ನಾಲ್ಕು ಹಾಳೆ ಬರೆದುಕೊಂಡಳು. ತಾಯಿಯವರ ಯಾವ ತೆಲುಗು ಮಾತಿಗೆ ಏನರ್ಥವೆಂಬುದಕ್ಕೇ ಒಂದು ಹಾಳೆಯಾಯಿತು.

ಬೆಂಗಳೂರಿನಲ್ಲಿರುವ ನಮ್ಮ ಕಿರಿಯ ಸೋದರನು, ತನ್ನ ಸರದಿಯ ಬದಲು ಹಣ ಕಳುಹಿಸುವೆನೆಂದನು. ಹಣ ಬೇಡವೆನ್ನಲು ನಾವು ಸ್ಥಿತಿವಂತರಲ್ಲ, ಒಪ್ಪಿದೆವು. ಆದರೆ ಹಣವು ಸರದಿಗೆ ಸಮವೆ ಎಂಬ ವಿಷಯದಲ್ಲಿ ನನಗೆ ಇಂದಿಗೂ ಸಂಶಯವಿದೆ. ಹಣದಿಂದ ಬಂದ ಪರಿಚಾರಕಿಯ ರಾತ್ರಿಗೂ ಒಬ್ಬರು ಸರದಿ ಬೇಕು. ಇಬ್ಬರೇ ಇರುವ ಮನೆಗಳ ಗತಿಯೇನು, ಕೂಲಿ ಬಿಟ್ಟರೆ ಒಲೆ ಉರಿಯದವರ ಗತಿಯೇನು ಎಂದು ಕೇಳಿದರೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ೧೯೭೫ರಲ್ಲಿ ಆರಂಭವಾದ ಯೋಜನೆಯಿಂದ ಊರೂರಿಗೆ ಅಂಗನವಾಡಿ ಬಂದು, ಮಗುವನ್ನು ದಿನಕ್ಕೆ ಕೆಲವು ಗಂಟೆ ಒಪ್ಪಿಸಿ ತಾಯಿ ಹೊಲಕ್ಕೆ ಹೋಗುವಂತಾಯಿತು. ಮುದುಕರನ್ನು ನಾಲ್ಕು ಗಂಟೆ ಒಪ್ಪಿಸಿ ಬರುವಂಥ ಒಂದು ಚಾವಡಿ ನಮ್ಮ ಊರುಗಳಲ್ಲಿ ಏಕಿರಬಾರದು? ಒಂದು ಕಾಲಕ್ಕೆ ನೀರಿನ ಸರದಿಯನ್ನು ನಡೆಸಿದ ಊರಿಗೆ ಇದು ಮೀರಿದ ಕೆಲಸವಲ್ಲ.

ಅತ್ತಿಗೆಯವರು ಕಡೆಗೂ ಹೊರಟರು. ಮೊದಲ ಮೂರು ದಿನ ರಾತ್ರಿಯೂ ಬೆಳಗ್ಗೆಯೂ ದೂರವಾಣಿಯಲ್ಲಿ ವಿಚಾರಿಸಿದರು. ನಾಲ್ಕನೆಯ ದಿನ ಕರೆ ಬರಲಿಲ್ಲ. ನಾವೇ ಗಾಬರಿಯಾಗಿ ಕೇಳಿದರೆ, ಅವರ ತಮ್ಮನು, "ಅಕ್ಕ ನಿನ್ನೆ ಸಂಜೆ ಮಲಗಿದವರು ಇನ್ನೂ ಎದ್ದಿಲ್ಲ" ಎಂದನು. ಆಗ ಬೆಳಗಿನ ಒಂಬತ್ತು ಗಂಟೆ. ಎಂಟು ದಿನಕ್ಕೆಂದು ಹೋದವರು ಹನ್ನೊಂದು ದಿನ ಇದ್ದು ಬಂದರು. ಆ ಹನ್ನೊಂದು ದಿನವೂ ನಾನು ಕಾಯಿಸಿದ ಗಂಜಿ ನೀರಾಗಿತ್ತೆಂದು ತಾಯಿಯವರು, ಅತ್ತಿಗೆಯವರು ಹೊಸ್ತಿಲು ದಾಟಿ ಒಳಗೆ ಬರುತ್ತಿದ್ದಂತೆಯೇ, ತೊದಲುತ್ತ ತೊದಲುತ್ತ ಹೇಳಿದರು. ಅತ್ತಿಗೆಯವರು ನನ್ನ ಕಡೆ ನೋಡಿ ನಕ್ಕರು. ಗಂಜಿ ನೀರಾಗಿದ್ದುದು ನಿಜ.